ಕಲಿಯಲು ಬಂದವಳು ಕಲಸಿದ್ದು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದು ನನ್ನ ಮೊದಲ ಬರಹ, ಚೆಂದಾಗಿ ಹೇಳಲು ಬರುವುದಿಲ್ಲ. ನಾನು ನಿವೃತ್ತ ಗಣಿತ ಮಾಸ್ತರ. ಹಂತ ಬಿಟ್ಟು ಲೆಕ್ಕ ಬಿಡಿಸಿದ ಹುಡುಗರ ಅಂಕ ಕಳೆದವನು, ಹಾಗಾಗಿ ನಾನೂ ಯಾವ ಹಂತವನ್ನೂ ಬಿಡುವುದಿಲ್ಲ. ಶಿಗ್ಗಾವಿಯ ನಮ್ಮ ಮನೆಯ ಮಹಡಿ ಕೋಣೆಗೆ ಆಫ್ರಿಕಾದ ಹುಡುಗಿಯೊಬ್ಬಳು ಬಾಡಿಗೆಗೆ ಬಂದಾಗಿನಿಂದ ನಗೆಯ ಪ್ರಸಂಗಗಳು ನಡೆಯುತ್ತಲೇ ಇವೆ.

ಅವಳು ತನ್ನ ದೇಶದಲ್ಲಿ ಇಂಗ್ಲಿಷ್ ಟೀಚರ್. ಇಲ್ಲಿ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಲ್ಲಿ ಓದುತ್ತಾಳೆ. ಬೀಸುವ ಕಲ್ಲಿನ ಪದಗಳೆಂದರೆ ಪ್ರಾಣ. ಸಂಜೆ ಮಹಡಿಯ ಮೇಲೆ ಕೂತು ಅವಳು ಗುನುಗತೊಡಗಿದರೆ ಓಣಿ, ದೀಪ, ನನ್ನ ಕುರ್ಚಿ ಎಲ್ಲವೂ ಮೆಲ್ಲಗೆ ತೇಲುತ್ತಿವೆ ಅನ್ನಿಸುತ್ತದೆ. ಆದರೆ ಅವಳದು ವಿದ್ಯಾರ್ಥಿ ವೀಸಾ. ಅಂದರೆ ಕಲಿಯಬಹುದು, ಕಲಿಸುವಂತಿಲ್ಲ. ವಿದೇಶದವರು ಇಲ್ಲಿ ಪಾಠ ಹೇಳಬೇಕಾದರೆ ಕೆಲಸದ ವೀಸಾ ಬೇರೆಯೇ ಬೇಕು. ಅವಳ ವೀಸಾ ಮುಗಿಯುತ್ತ ಬಂದಿತ್ತು, ಮುಂದುವರಿಸಲು ಅರ್ಜಿ ಹಾಕಿದ್ದಳು. ಎಲ್ಲಾದರೂ ಪಾಠ ಹೇಳಿದಳೆಂದು ಸುದ್ದಿಯಾದರೆ ಪದಗಳನ್ನು ಅರ್ಧಕ್ಕೇ ಬಿಟ್ಟು ವಿಮಾನ ಹತ್ತಬೇಕು. ಇದೊಂದನ್ನು ನೆನಪಿನಲ್ಲಿಡಿ.

ಹಾನಗಲ್ಲಿನ ಮದುವೆ

ನಮ್ಮ ಬೀಗರ ಮನೆಯ ಮದುವೆಯಲ್ಲಿ ಅವಳನ್ನು ಕಂಡ ಖಾಸಗಿ ಶಾಲೆಯ ಕಾರ್ಯದರ್ಶಿಯೊಬ್ಬರು ಊಟದ ಎಲೆ ಬಿಟ್ಟು ಎದ್ದು ಬಂದರು.

"ನಮ್ಮ ಸಾಲ್ಯಾಗ ವಾರಕ್ಕೊಂದ ಇಂಗ್ಲಿಷ್ ಕ್ಲಾಸ್ ತಗೋರಿ."

ವೀಸಾದ ಕಾನೂನನ್ನು ನಾನು ವಿವರಿಸಿದೆ. ಸ್ವಲ್ಪ ಉದ್ದವಾಗಿಯೇ ವಿವರಿಸಿದೆ.

"ಅದಕ್ಕ್ಯಾಕ ಹೆದರ್ತೀರಿ ಮಾಸ್ತರ? ನಾವು ಪಗಾರ ಕೊಡಂಗಿಲ್ಲ. ಪಗಾರ ಇಲ್ಲಂದ್ರ ಅದು ಕೆಲಸಾನ ಅಲ್ಲ."

ಪಕ್ಕದಲ್ಲಿ ಪಲ್ಯ ಬಡಿಸುತ್ತಿದ್ದವರು ಅದೇ ಶಾಲೆಯ ಮಾಸ್ತರು. ಬಾಗಿಕೊಂಡೇ ಮೆಲ್ಲಗೆ ಕೇಳಿದರು, "ಹಂಗಾರ ಸಾಹೇಬ್ರ, ದೀಪಾವಳಿಯಿಂದ ಇತ್ಲಾಗ ನಾವ್ಯಾರೂ ಕೆಲಸಾನ ಮಾಡಿಲ್ಲೇನ್ರಿ?"

ಹಿರೇಕೆರೂರಿನ ಬಸ್ಸು

ತಿಳವಳ್ಳಿಯ ಅಜ್ಜಿಯೊಬ್ಬರಿಂದ ಪದ ಕೇಳಿಕೊಂಡು ಹಿರೇಕೆರೂರಿನ ಬಸ್ಸು ಹತ್ತಿದೆವು. ಕಿಟಕಿಯಾಚೆ ಗೋವಿನಜೋಳದ ಹೊಲಗಳು ಹಸಿರು ನಿದ್ದೆಯಂತೆ ಸರಿಯುತ್ತಿದ್ದವು. ಕಂಡಕ್ಟರ್ ಬಂದು ಗತ್ತಿನಿಂದ, "ಮೇಡಂ, ವೇರ್ ಯು ಗೋಯಿಂಗ್?" ಅಂದ.

"ವೇರ್ ಆರ್ ಯು ಗೋಯಿಂಗ್" ಎಂದು ಅವಳು ಅಭ್ಯಾಸಬಲದಿಂದ ತಿದ್ದಿದಳು. ತಿದ್ದಿದವಳೇ ಬಾಯಿ ಮುಚ್ಚಿಕೊಂಡಳು. "ಮಾಸ್ತರ, ನಾ ಕಲಸಿಬಿಟ್ಟೆ."

ಕಲಿಸಿಬಿಟ್ಟೆ ಅಂತ. ನಮ್ಮ ಕಡೆ ಆಡುವಾಗ 'ಲಿ'ಯ ಗುಡಿಸು ಉದುರಿಹೋಗುತ್ತದೆ. ಅವಳ ಕನ್ನಡ ನಮ್ಮ ಕಡೆಯದೇ. ಅವಳು ನಿಜವಾಗಿಯೂ ಹೆದರಿದ್ದಳು, ಹಾಗಾಗಿ ಕಂಡಕ್ಟರನಿಗೂ ಕಾನೂನು ವಿವರಿಸಿದೆ. ಅವನು ಪೂರ್ತಿ ಕೇಳಿಸಿಕೊಂಡ.

"ಹೆದರಬ್ಯಾಡ್ರಿ ಅಕ್ಕಾರ. ನಾ ಏನೂ ಕಲ್ತಿಲ್ಲ. ವೇರ್ ಯು ಗೋಯಿಂಗ್?"

ಸವಣೂರಿನ ಮರ

ಸವಣೂರಿನಲ್ಲಿ ಆನೆಯ ಮೈಯಂಥ ಬೊಡ್ಡೆಯ ಮರಗಳಿವೆ. ದೊಡ್ಡ ಹುಣಸೆ ಅನ್ನುತ್ತೇವೆ, ಹುಣಸೆ ಅಲ್ಲ. ಆಫ್ರಿಕಾದಿಂದ ಬಂದವಂತೆ, ಯಾರು ತಂದರೋ. ಅವಳು ಅವುಗಳನ್ನು ನೋಡಿದವಳೇ ಓಡಿಹೋಗಿ ಒಂದಕ್ಕೆ ಕೆನ್ನೆ ಹಚ್ಚಿ ನಿಂತಳು. ಅವಳ ಊರಿನ ಶಾಲೆಯ ಎದುರಿಗೆ ಇಂಥದೇ ಮರವಂತೆ. ಆಗ ಮಾತ್ರ ನಾನು ಏನೂ ವಿವರಿಸಲಿಲ್ಲ.

ಆಮೇಲೆ ನೆರಳಲ್ಲಿ ಕೂತಿದ್ದ ವೀಳ್ಯದೆಲೆ ಮಾರುವ ಅಜ್ಜನನ್ನು ಕೇಳಿದಳು, "ಅಜ್ಜಾ, ಈ ಗಿಡಕ್ಕ ವೀಸಾ ಯಾರ ಕೊಟ್ರು?"

ವೀಸಾ ಅಂದರೇನೆಂದು ಅಜ್ಜ ನನ್ನಿಂದ ತಿಳಿದುಕೊಂಡ. ಮರವನ್ನು ಮೇಲಿಂದ ಕೆಳಗೆ ನೋಡಿದ.

"ಇದು ಏನೂ ಕೆಲಸ ಮಾಡಂಗಿಲ್ಲವಾ. ಸುಮ್ನ ನಿಂತಿರತೈತಿ. ಅದಕ್ಕ ಯಾರೂ ಕೇಳಿಲ್ಲ."

ಶಿಗ್ಗಾವಿಯ ಗಿರಮಿಟ್

ಕೊನೆಗೆ ವೀಸಾ ಅರ್ಜಿಯ ವಿಚಾರಣೆಗೆ ಸಾಹೇಬರೊಬ್ಬರು ಮನೆಗೇ ಬಂದರು. ನಾವು ಗಂಡ ಹೆಂಡತಿ ಬಾಗಿಲಲ್ಲಿ ನಿಂತೆವು. ಅವಳು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು.

"ಇಲ್ಲಿ ಏನ ಮಾಡ್ತೀರಿ?"

"ಕಲಸ್ತೇನ್ರಿ" ಅಂದಳು ಹೆಮ್ಮೆಯಿಂದ.

ಸಾಹೇಬರ ಪೆನ್ನು ಮೇಲೆದ್ದಿತು. "ಕಲಸ್ತೀರಿ? ಯಾರಿಗೆ?"

"ಎಲ್ಲಾರಿಗೂ. ದಿನಾ ಸಂಜೀಕ."

"ಪಗಾರ?"

"ಇಲ್ರಿ. ನಾನೂ ಎರಡ ಮುಷ್ಟಿ ತಿಂತೇನಿ."

ಜೀವಮಾನವಿಡೀ ವಿವರಿಸಿದ ನಾನು ಯಾವ ಹಂತದಿಂದ ಶುರು ಮಾಡಲಿ ಎಂದು ಎಣಿಸುತ್ತ ನಿಂತೆ. ನನ್ನ ಹೆಂಡತಿಯೇ ಒಳಗೆ ಹೋಗಿ ಬುಟ್ಟಿ ತಂದು ಸಾಹೇಬರ ಮುಂದಿಟ್ಟಳು. "ಇದನ್ನ ಕಲಸ್ತಾಳ್ರಿ ಸಾಹೇಬ್ರ. ಗಿರಮಿಟ್. ನೀವ ನೋಡ್ರಿ."

ಸಾಹೇಬರು ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡರು. ಸುಸಲಾ ಎಂಬ ತಿಂಡಿಗೆ ಚುರುಮುರಿಯನ್ನು, ಅಂದರೆ ಮಂಡಕ್ಕಿಯನ್ನು, ನೀರಲ್ಲಿ ನೆನೆಸುತ್ತಾರೆ, ಗಿರಮಿಟ್‌ಗೆ ನೆನೆಸುವುದಿಲ್ಲ. ಅವಳು ನೆನೆಸಿದ್ದಳು. ಉಪ್ಪು ಎರಡು ಸಲ ಬಿದ್ದಿತ್ತು. ಸಾಹೇಬರು ಕಣ್ಣು ಮುಚ್ಚಿ ನುಂಗಿದರು, ನೀರು ಕುಡಿದರು, ಬರೆದುಕೊಳ್ಳುತ್ತ ಹೇಳಿದರು:

"ಇಷ್ಟ ಕಲಸಾಕ ಬರದಾಕಿ ಇನ್ನೊಬ್ಬರಿಗೆ ಏನ ಕಲಸ್ತಾಳ? ಈಕಿ ಕಲಿಯಾಕ ಬಂದಾಕಿನ. ಇನ್ನೂ ಬಾಳ ದಿನಾ ಬೇಕಾಗತೈತಿ."

ವೀಸಾ ಮುಂದುವರಿಯಿತು. ಈ ಮಾತಿಗೆ ನಗು ಯಾಕೆ ಬರುತ್ತದೆಂದರೆ, ಸಾಹೇಬರು ಮೊದಲು ಅಂದ ಕಲಸುವುದು ಚುರುಮುರಿಯನ್ನು. ಎರಡನೆಯದರಲ್ಲಿ ಗುಡಿಸು ಉದುರಿದೆ ಎಂದು ಭಾವಿಸಿಕೊಳ್ಳಬೇಕು. ಆಗ

"ಮಾಸ್ತರ, ಬರ್ಕೊಂತ ಕುಂತ್ರೇನು? ಕಲಸೇನಿ, ಲಗೂ ಬರ್ರಿ."

ಅವಳೇ ಕರೆಯುತ್ತಿದ್ದಾಳೆ. ಎರಡನೆಯ ಕಲಸು ಅಂದರೆ, ಹಾಂ, ಬಂದೆನವಾ, ನೀರ ಹಾಕಿಲ್ಲಲಾ