ಪರಾತದೊಳಗಿನ ಅರಳಿ

ತಾಳ್ಮೆಯಿಂದ ಕಾಯುವ ಕೆಲಸವನ್ನೂ ಗುತ್ತಿಗೆಗೆ ಕೊಡಬಹುದು ಎಂದು ನನಗೆ ತಿಳಿದದ್ದು ಕಂಪ್ಲಿಯ ಸೋದರತ್ತೆಯ ಮನೆಯಲ್ಲಿ. ಯಾರೋ ಒಬ್ಬರು ಒಂದು ಮರವನ್ನು ವರ್ಷಗಟ್ಟಲೆ ತಟ್ಟೆಯಲ್ಲಿಟ್ಟು, ಬೇರು ಕತ್ತರಿಸಿ, ಕೊಂಬೆಗೆ ತಂತಿ ಸುತ್ತಿ, ಎತ್ತರ ಬೆಳೆಯಲು ಬಿಡದೆ ಮುದಿ ಮಾಡಿರುತ್ತಾರೆ. ನಾವು ದುಡ್ಡು ಕೊಟ್ಟು ಆ ಮುದಿತನವನ್ನು ಕಾರಿನಲ್ಲಿ ಮನೆಗೆ ತರುತ್ತೇವೆ. ಅದಕ್ಕೆ ಬೋನ್ಸಾಯ್ ಎನ್ನುತ್ತಾರೆ. ಇದರ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯವಿದೆ. ಸಾಮಾನ್ಯವಾಗಿ ಅಭಿಪ್ರಾಯಗಳನ್ನು ನನ್ನ ಬಳಿಯೇ ಇಟ್ಟುಕೊಳ್ಳುವವಳು ನಾನು. ಸಂಡೂರಿನ ಗಣಿ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಅದಿರಿನ ಪುಡಿ ಕರಗಿಸಿ ಅದರಲ್ಲಿ ಕಬ್ಬಿಣ ಎಷ್ಟಿದೆ ಎಂದು ಹೇಳುವುದು ನನ್ನ ಕೆಲಸ. ಅಲ್ಲಿ ಅದಿರಿನ ಹೊರತು ಬೇರೆ ಯಾರ ಬಗ್ಗೆಯೂ ನನ್ನನ್ನು ಕೇಳುವುದಿಲ್ಲ, ನನಗೂ ಅದೇ ಹಿತ. ಕಂಪ್ಲಿಯಲ್ಲಿ ಮಾತ್ರ ಬಾಯಿ ತಪ್ಪಿತು.

ಅತ್ತೆಯದು ಅಕ್ಕಿ ಗಿರಣಿಯ ಮನೆ. ಹಾಲ್‌ನಲ್ಲಿ ಟಿವಿಯ ಪಕ್ಕ, ಏಸಿಯ ನೇರ ಕೆಳಗೆ, ಮೊಳದುದ್ದದ ಒಂದು ಮರ ಕೂತಿತ್ತು. ಬೆಂಗಳೂರಿನಿಂದ ತರುವಾಗ ಅದನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದ್ದರಂತೆ. ಮಾವ ಸಾಮಾನಿನ ಜೊತೆ ಹಿಂದೆ ಕೂತು ಬಂದರಂತೆ. ಬೆಲೆ ಕೇಳಿದ ಅವ್ವ, ‘ಅಷ್ಟಕ್ಕ ಒಂದ್ ಎಮ್ಮಿ ಬರ್ತಿತ್ತಲ್ರೀ’ ಎಂದಳು. ‘ಎಮ್ಮಿನ ಹಾಲ್‌ನ್ಯಾಗ ಕಟ್ಟಾಕ ಬರ್ತೈತೇನವ್ವಾ?’ ಎಂದರು ಅತ್ತೆ. ಆಗಲೇ ನಾನು ಹೇಳಿಬಿಟ್ಟೆ: ‘ಇದಕ್ಕ ಯಾಕ ದುಡ್ಡು ಕೊಡ್ಬೇಕ್ರಿ ಅತ್ತಿ? ಹಂಪಿ ಬಜಾರಿನ ಮಂಟಪದ ಸಂದ್ಯಾಗ ಇಂಥವು ಬೇಕಾದಷ್ಟು ಅದಾವ. ಮಣ್ಣಿಲ್ಲ, ನೀರಿಲ್ಲ, ಯಾರೂ ಕೇಳೋರಿಲ್ಲ, ಆದ್ರೂ ಅದಾವ. ನಾನ ಒಂದು ಬೆಳಸ್ತೀನಿ.’

ಅತ್ತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ‘ಬೆಳಸವ್ವಾ, ಬೆಳಸು. ಅದು ಮುದಿ ಆಗೋದ್ರಾಗ ನಾ ಇರ್ತೀನೋ ಇಲ್ಲೋ. ಇದ್ರ, ಬಂದು ನೋಡ್ತೀನಿ.’ ಎಲ್ಲರೂ ನಕ್ಕರು. ನಾನು ನಾಲ್ಕು ಜನರ ನಡುವೆ ಮಾತಾಡುವುದೇ ಅಪರೂಪ. ಹಾಗಾಗಿ ಆಡಿದ ಒಂದು ಮಾತೂ ನೆಲಕ್ಕೆ ಬೀಳಬಾರದೆಂಬ ಹಟ ನನಗೆ ಹೆಚ್ಚು.

ಗಿಡ ಹುಡುಕಿಕೊಂಡು ಹಂಪಿಗೆ ಹೋಗಬೇಕಾಗಲಿಲ್ಲ. ಹೊಸಪೇಟೆಯ ನಮ್ಮ ಮನೆಯ ಮಾಳಿಗೆಯ ಮೇಲೆ, ನೀರಿನ ಟ್ಯಾಂಕಿನ ಪಕ್ಕದ ಗೋಡೆ ಬಿರುಕು ಬಿಟ್ಟು, ಅಲ್ಲೊಂದು ಅರಳಿ ಸಸಿ ತಾನಾಗಿ ಹುಟ್ಟಿತ್ತು. ಅದು ಬೆಳೆದರೆ ಗೋಡೆ ಉಳಿಯುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಅರಳಿಯನ್ನು ಕಿತ್ತವರಿಗೆ ಒಳ್ಳೆಯದಾಗುವುದಿಲ್ಲವೆಂಬುದೂ ಎಲ್ಲರಿಗೂ ಗೊತ್ತು. ಗಾರೆ ಮೆತ್ತಲು ಬಂದ ಗೌಂಡಿ ಅದನ್ನು ನೋಡಿದವನೇ, ‘ಅರಳಿ ಐತ್ರಿ ಇದು. ಯಾರರ ಕಿತ್ತಮ್ಯಾಲ ಹೇಳ್ರಿ, ಬರ್ತೀನಿ’ ಎಂದು ಕರಣೆ ತೊಳೆದುಕೊಂಡು ಹೋದ. ಅಪ್ಪ ಅವ್ವನ ಮುಖ ನೋಡಿದರು, ಅವ್ವ ನನ್ನ ಮುಖ ನೋಡಿದಳು. ಮನೆಯಲ್ಲಿ ಎಂ.ಎಸ್ಸಿ. ಓದಿದವರೊಬ್ಬರಿದ್ದರೆ ಇಂಥ ಪಾಪಗಳಿಗೆ ಬಹಳ ಅನುಕೂಲ. ಒದ್ದೆ ಬಟ್ಟೆ ಸುತ್ತಿ, ಬೇರು ಹರಿಯದಂತೆ, ಒಂದು ಇಡೀ ಭಾನುವಾರ ಕೂತು ನಾನು ಅದನ್ನು ಬಿಡಿಸಿದೆ. ಹಿಟ್ಟು ನಾದುತ್ತಿದ್ದ, ಅಂಚು ಸೀಳಿದ ಹಳೆಯ ಪರಾತವೊಂದು ಅಟ್ಟದಲ್ಲಿ ಬಿದ್ದಿತ್ತು. ಅದರ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಸಂಡೂರಿನ ಕೆಂಪು ಮಣ್ಣು, ಇಟ್ಟಿಗೆ ಚೂರು ತುಂಬಿ ಸಸಿ ನೆಟ್ಟೆ. ಕೆಟ್ಟ ಫ್ಯಾನಿನ ತಾಮ್ರದ ತಂತಿ ಸುತ್ತಿ ಕೊಂಬೆ ಬಾಗಿಸಿದೆ. ಎರಡು ವರ್ಷದಲ್ಲಿ ಅದು ಒಂದು ಗೇಣಿನ, ದಪ್ಪ ಬುಡದ, ಸಿಟ್ಟಿನ ಮುಖದ ಗಿಡವಾಯಿತು. ಅದನ್ನು ನಾನು ಯಾರಿಗೂ ತೋರಿಸಲಿಲ್ಲ. ಸಂಡೂರಿನ ಬಸ್ಸಿಳಿದು ಬಂದ ಸಂಜೆಗಳಲ್ಲಿ ಮಾಳಿಗೆಯ ಮೇಲೆ ನಾವಿಬ್ಬರೂ ಮಾತಿಲ್ಲದೆ ಕೂರುತ್ತಿದ್ದೆವು.

ಈ ನಡುವೆ ಅತ್ತೆಯ ಮರ ಎಲೆ ಉದುರಿಸತೊಡಗಿತ್ತು. ಫೋನಿನಲ್ಲಿ, ‘ನಿನ್ನ ಸೈನ್ಸ್ ಏನಂತೈತಿ?’ ಎಂದು ಕೇಳಿದರು. ಹೊರಗೆ ಬಿಸಿಲಿಗಿಡಿ ಎಂದೆ. ‘ಹೊರಗ ಇಡಾಕ ಅಷ್ಟು ದುಡ್ಡು ಕೊಟ್ಟೀನೇನ?’ ಎಂದು ಫೋನ್ ಇಟ್ಟರು. ನನಗೆ ಸಂತೋಷವಾಯಿತು. ಇದನ್ನು ಮುಚ್ಚಿಡುವುದಿಲ್ಲ.

ನನ್ನ ಗಿಡಕ್ಕೆ ಕಂಟಕ ಬಂದದ್ದು ಎದುರುಮನೆಯ ಶಾಂತಮ್ಮನವರಿಂದ. ಸಂಡಿಗೆ ಒಣಹಾಕಲು ನಮ್ಮ ಮಾಳಿಗೆಗೆ ಬಂದವರು ಗಿಡ ನೋಡಿ ಕೈಮುಗಿದರು. ಅವರು ಪ್ರತಿ ಸೋಮವಾರ ಅರಳಿಕಟ್ಟೆ ಸುತ್ತುವವರು; ಕಟ್ಟೆ ಇರುವುದು ಅದಿರಿನ ಲಾರಿಗಳು ಓಡಾಡುವ ರಸ್ತೆಯ ಆಚೆ. ‘ರಸ್ತೆ ದಾಟೋ ತ್ರಾಸ ತಪ್ತು ನೋಡವ್ವಾ’ ಎಂದರು. ಮುಂದಿನ ಸೋಮವಾರದಿಂದ ಪರಾತದ ಸುತ್ತ ಪ್ರದಕ್ಷಿಣೆ ಶುರುವಾಯಿತು. ದೊಡ್ಡ ಕಟ್ಟೆ ಸುತ್ತಲು ಮುಂಜಾನೆಯೆಲ್ಲ ಬೇಕು. ಇಲ್ಲಿ ಕೆಳಗೆ ಕುಕ್ಕರ್ ಕೂಗುವಷ್ಟರಲ್ಲಿ ಎಲ್ಲ ಮುಗಿಯುತ್ತಿತ್ತು. ಸುದ್ದಿ ಓಣಿಗೆ ಹರಡಿತು. ಅಷ್ಟು ಸಣ್ಣ ಸುತ್ತಿನಲ್ಲಿ ಗಿರಗಿರ ತಿರುಗಿ ತಲೆ ಸುತ್ತಿದ ಶಾಂತಮ್ಮನವರು ಒಮ್ಮೆ ಟ್ಯಾಂಕಿನ ಪೈಪು ಹಿಡಿದು ನಿಂತು, ‘ಸಣ್ಣದಾದ್ರೂ ಭಾಳ ಶಕ್ತಿ ಐತವ್ವಾ’ ಎಂದರು. ಮರುವಾರ ಜನ ಹೆಚ್ಚಾದರು. ನನ್ನ ತಾಮ್ರದ ತಂತಿಯ ಮೇಲೆ ಅರಿಷಿಣದ ದಾರ ಬಂತು. ನಾನು ಅಳೆದು ಹಾಕುತ್ತಿದ್ದ ನೀರಿನ ಮೇಲೆ ಇವರ ತಂಬಿಗೆಗಳು, ಹಾಲು, ಅದರ ಹಿಂದೆ ಇರುವೆಸಾಲು.

ಭಕ್ತಿಯಿಂದ ಗಿಡ ಬೆಳೆಯತೊಡಗಿತು. ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಎಲೆಗಳು ಅಂಗೈಯಗಲವಾದವು, ಪರಾತದ ಸೀಳಿನಿಂದ ಬೇರು ಇಣುಕಿತು. ಕತ್ತರಿಸದಿದ್ದರೆ ಅದು ಇನ್ನು ಬೋನ್ಸಾಯ್ ಅಲ್ಲ, ಕಂಪ್ಲಿಯಲ್ಲಿ ನಾನಾಡಿದ ಮಾತೂ ಮಾತಲ್ಲ. ಕತ್ತರಿ ಹಿಡಿದು ಹೊರಟ ನನ್ನನ್ನು ಅವ್ವ ಮೆಟ್ಟಿಲಲ್ಲೇ ತಡೆದಳು. ‘ಕುಂಕುಮ ಬಿದ್ದ ಗಿಡಕ್ಕ ಕತ್ತರಿ ಹಾಕ್ತೀಯೇನಲೇ?’

‘ಗೋಡ್ಯಾಗಿಂದ ಕೀಳುವಾಗ ಯಾರೂ ಬ್ಯಾಡ ಅನ್ಲಿಲ್ಲಲ್ಲ?’

‘ಅವಾಗ ಅದು ದೇವರಾಗಿದ್ದಿಲ್ಲ’ ಎಂದಳು ಅವ್ವ.

ಕತ್ತರಿಯನ್ನು ಕೆಳಗೆ ಒಯ್ದಿಟ್ಟೆ. ಸೋಲದೆ ನಾನು ಬೇರೆ ರೀತಿಯ ಪ್ರತಿಭಟನೆಗಿಳಿದೆ. ಹೆಂಗಸರೆಲ್ಲ ಮಾಳಿಗೆಯ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಹೋಗುತ್ತಿದ್ದರು. ನಾನು ಬೇಕೆಂದೇ ಚಪ್ಪಲಿ ಮೆಟ್ಟಿಕೊಂಡು, ಟಪಟಪ ಸದ್ದು ಮಾಡುತ್ತ ಗಿಡದ ಪಕ್ಕದವರೆಗೂ ನಡೆಯುತ್ತಿದ್ದೆ. ನನ್ನ ಗಿಡ, ನಮ್ಮ ಮಾಳಿಗೆ, ನನ್ನ ಚಪ್ಪಲಿ. ‘ಓದಿದ ಹುಡುಗಿ’ ಎಂದು ಶಾಂತಮ್ಮನವರು ಕಣ್ಣುಮುಚ್ಚಿಕೊಂಡೇ ನಿಟ್ಟುಸಿರು ಬಿಡುತ್ತಿದ್ದರು.

ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ, ಹೊಸಪೇಟೆಯ ಬಿಸಿಲು ನೆತ್ತಿಯ ಮೇಲಿದ್ದಾಗ, ಹೇಳದೆ ಕೇಳದೆ ಅತ್ತೆ ಬಂದರು. ‘ಎಲ್ಲೈತಿ ನಿನ್ನ ಗಿಡ?’ ಎನ್ನುತ್ತಲೇ ಮೆಟ್ಟಿಲು ಹತ್ತಿದರು. ಅವರ ಹಿಂದೆ ಅವ್ವ, ಕಾರು ಕಂಡು ಓಡಿಬಂದ ಶಾಂತಮ್ಮನವರು, ಕೊನೆಗೆ ನಾನು. ಬಾಗಿಲ ನೆರಳಿನಲ್ಲೇ ನಿಂತು ಅತ್ತೆ ನೋಡಿದರು.

‘ಇದು ಬೋನ್ಸಾಯ್ ಅಲ್ಲವ್ವಾ. ಇದು ಗಿಡ.’

ನಾನು ಸೊಂಟದೆತ್ತರದ ಅದರ ತುದಿಯನ್ನು ನೋಡಿದೆ.

‘ನಂದೂ ಹೋತು ಬಿಡು, ಹೋದ ತಿಂಗಳ’ ಎಂದರು ಅತ್ತೆ. ‘ಆದ್ರ ದುಡ್ಡು ಕೊಟ್ಟಿದ್ದಕ್ಕ, ಸತ್ತರೂ ಸಣ್ಣದಾಗೇ ಸತ್ತಿತು.’

ಅಷ್ಟು ಸಾಕಾಯಿತು. ಕೆಳಗಿಳಿದು ಕತ್ತರಿ ತಂದೆ. ‘ಲೇ, ಬ್ಯಾಡ’ ಎಂದಳು ಅವ್ವ. ‘ನಾಳಿ ಸೋಮವಾರ ಐತವ್ವಾ’ ಎಂದರು ಶಾಂತಮ್ಮ. ಮೂವರನ್ನೂ ದಾಟಿ ನೇರ ಬಿಸಿಲಿಗೆ ನಡೆದೆ. ಮೊದಲು ಅರಿಷಿಣದ ದಾರ ಬಿಚ್ಚಿದೆ. ಆಮೇಲೆ ತುದಿ, ಎಡಗೊಂಬೆ, ಬಲಗೊಂಬೆ, ಅಂಗೈಯಗಲದ ಎಲೆಗಳು. ಎರಡು ವರ್ಷದ ನನ್ನ ಗೇಣುದ್ದದ ಗಿಡ, ಅದೇ ಸಿಟ್ಟಿನ ಮುಖದೊಂದಿಗೆ, ನಿಧಾನವಾಗಿ ಹೊರಬಂತು. ಗೆದ್ದವಳಂತೆ ತಿರುಗಿ ಅತ್ತೆಯ ಕಡೆ ನೋಡಿದೆ.

ಅತ್ತೆಯ ಕಣ್ಣು ಗಿಡದ ಮೇಲಿರಲಿಲ್ಲ. ‘ಕತ್ತರಸಿದ್ದೇನೋ ಛಲೋ ಆತು. ಆದ್ರ ಅಷ್ಟೊತ್ತಿಂದ ಯಾಕ ಕುಣ್ಯಾಕತ್ತೀಯವ್ವಾ?’

ಆಗಲೇ ನನಗೆ ಅಂಗಾಲು ಸುಡುತ್ತಿರುವುದು ಗೊತ್ತಾದದ್ದು. ಕೆಳಗೆ ನೋಡಿದೆ, ಬರಿಗಾಲು. ಬಾಗಿಲ ಕಡೆ ನೋಡಿದೆ. ಅಲ್ಲಿ ಶಾಂತಮ್ಮನವರ ಚಪ್ಪಲಿಯ ಪಕ್ಕದಲ್ಲಿ, ಅವಕ್ಕಿಂತ ಅಚ್ಚುಕಟ್ಟಾಗಿ ಜೋಡಿಸಿಟ್ಟು, ನನ್ನ ಚಪ್ಪಲಿಗಳಿದ್ದವು.