ಬಾಶಾನಿಗೆ ಶಿಸ್ತು ಕಲಿಸಿದ್ದು

ಮನ್ಸೂರಾ ಊರಿನ ಅರ್ಧದಷ್ಟು ಗಂಡಸರನ್ನು ಸಾಲಾಗಿ ನಿಲ್ಲಿಸಿದವನು ನಾನು! ಡ್ರಿಲ್ ಮೇಷ್ಟ್ರು ವಗ್ದಿ ಬಂದರೆಂದರೆ ಈಗಲೂ ರೊಟ್ಟಿ ಅಂಗಡಿಯ ಮುಂದಿನ ಸಾಲು ತಾನಾಗಿಯೇ ನೆಟ್ಟಗಾಗುತ್ತದೆ. ಅಂಥವನು ಒಂದು ಮೊಲಕ್ಕೆ ಶಿಸ್ತು ಕಲಿಸಲಾರೆನೇ? ಹೀಗೆಂದು ಹೆಂಡತಿ ಇನ್ಶಿರಾಳ ಎದುರು ಎದೆ ತಟ್ಟಿಕೊಂಡೆ. ಅವಳು ಒಮ್ಮೆ ಮೊಲವನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು, ಬೆಳ್ಳುಳ್ಳಿ ಸುಲಿಯುವುದನ್ನು ಮುಂದುವರಿಸಿದಳು.

ಮೊಲ ನಮ್ಮಮ್ಮನದು. ನಮ್ಮಲ್ಲಿ ತಾರಸಿಯ ಮೇಲೆ ಮೊಲ ಸಾಕುವುದು ಮುದ್ದಿಗಲ್ಲ, ಮುಲೂಖಿಯಾ ಸೊಪ್ಪಿನ ಸಾರಿಗೆ. ಅಮ್ಮನೂ ಜೀವಮಾನವಿಡೀ ಅದಕ್ಕೇ ಸಾಕಿದಳು. ಇದೊಂದನ್ನು ಮಾತ್ರ ಕೊಯ್ಯಲು ಮನಸ್ಸು ಬಾರದೆ ‘ಬಾಶಾ’, ಅಂದರೆ ದೊಡ್ಡ ಸಾಹೇಬ, ಎಂದು ಹೆಸರಿಟ್ಟಳು. ಹೆಸರಿಟ್ಟದ್ದನ್ನು ಯಾರಾದರೂ ಬೇಯಿಸುತ್ತಾರೆಯೇ? ಕಳೆದ ಚಳಿಗಾಲದಲ್ಲಿ ಅಮ್ಮ ತೀರಿಕೊಂಡಳು. ಅಂದಿನಿಂದ ಬಾಶಾನ ದರ್ಬಾರು ಶುರುವಾಯಿತು. ಹತ್ತಿರ ಹೋದವರ ಬೆರಳು ಕಚ್ಚುವುದು, ಹಿಂಗಾಲಿನಿಂದ ನೆಲ ಗುದ್ದುವುದು, ನೀರಿನ ಬಟ್ಟಲನ್ನು ಕವುಚಿ ಹಾಕುವುದು.

ನನಗೂ ದುಃಖವಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಸಂತಾಪ ಹೇಳಲು ಬಂದವರ ಕೈ ಹಿಡಿಯುತ್ತ ಶಾಮಿಯಾನದಲ್ಲಿ ನಾನು ಅಟೆನ್ಶನ್‌ನಲ್ಲೇ ನಿಂತಿದ್ದೆ. ಒಂದು ಹನಿ ಕಣ್ಣೀರು ಹಾಕಲಿಲ್ಲ. ಎಲ್ಲರೂ ಹೊಗಳಿದರು. ಆಮೇಲೆ ಊಟ ಸೇರದಾಯಿತು, ಸಣ್ಣ ಸಣ್ಣದಕ್ಕೂ ಸಿಡುಕತೊಡಗಿದೆ, ಅಷ್ಟೇ. ಅದಕ್ಕೂ ಮೊಲಕ್ಕೂ ಏನು ಸಂಬಂಧ?

ನನ್ನ ಶಿಕ್ಷಣ ಪದ್ಧತಿಯ ಮೊದಲ ಪಾಠ ಸೀಟಿ. ತಾರಸಿಗೆ ಹೋಗಿ, ಕಾಲು ಜೋಡಿಸಿ ನಿಂತು, ಶಕ್ತಿಯೆಲ್ಲ ಹಾಕಿ ಊದಿದೆ. ಬಾಶಾ ಕಿವಿ ಕೂಡ ಅಲ್ಲಾಡಿಸಲಿಲ್ಲ. ಪಕ್ಕದ ತಾರಸಿಯಲ್ಲಿ ಉಮ್ ರವೂಫಳ ಪಾರಿವಾಳಗಳೆಲ್ಲ ಭುರ್ರನೆ ಎದ್ದು, ಬೀದಿಯಾಚೆ ಅವಳ ವೈರಿಯ ಗೂಡಿಗೆ ಹೋಗಿ ಇಳಿದವು. ನಮ್ಮೂರಲ್ಲಿ ಒಬ್ಬರ ಗೂಡಿಗೆ ಇಳಿದ ಪಾರಿವಾಳ ಅವರದೇ. ಉಮ್ ರವೂಫ್ ಗೋಡೆಯ ಮೇಲಿಂದ ಇಣುಕಿ, “ಮೇಷ್ಟ್ರೇ, ನಿಮ್ಮ ಸೀಟಿಗೆ ನನ್ನ ಪಾರಿವಾಳಗಳಿಗಾದ್ರೂ ಶಿಸ್ತು ಬಂತು ನೋಡಿ, ಸಾಲಾಗಿ ಹೋದ್ವು” ಅಂದಳು. ಆಮೇಲೆ ಅವಳು ಹೇಳಿದ ಉಳಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಸರಿ, ಶಿಕ್ಷಾರ್ಥಿಯನ್ನು ಮನೆಯೊಳಗೇ ಇಟ್ಟುಕೊಳ್ಳೋಣವೆಂದು ಕೆಳಗೆ ತಂದೆ. ಬಾಶಾ ಟೆಲಿಫೋನಿನ ತಂತಿ ಕಡಿದ. ಅತಿಥಿಗಳಿಗೆಂದೇ ಬಟ್ಟೆ ಹೊದಿಸಿಟ್ಟಿದ್ದ ಸೋಫಾದ ಮೇಲೆ ಹತ್ತಿ, ನನ್ನ ಕಣ್ಣಲ್ಲಿ ಕಣ್ಣಿಟ್ಟು, ಉಚ್ಚೆ ಹೊಯ್ದ! ಪೊರಕೆ ಹಿಡಿದು ಅಟ್ಟಿಸಿಕೊಂಡು ಹೋದರೆ ಅಮ್ಮನ ಮಂಚದಡಿ ನುಗ್ಗಿ ಗೋಡೆಗೆ ಅಂಟಿ ಕುಳಿತ. ಅಲ್ಲಿಂದ ಹೊರಗೆ ಬರಲೇ ಇಲ್ಲ. ಹುಲ್ಲಿಟ್ಟರೆ ಹುಲ್ಲು ಬೇಡ, ಕ್ಯಾರೆಟ್ ಇಟ್ಟರೆ ಕ್ಯಾರೆಟ್ ಬೇಡ.

ಮಾರನೆಯ ದಿನವೂ ಹಾಗೇ ಇತ್ತು. ಉಮ್ ರವೂಫ್ ಬಂದು ಬಗ್ಗಿ ನೋಡಿ, ಮೊಲ ಮೇವು ಬಿಟ್ಟರೆ ಉಳಿಯುವುದಿಲ್ಲ, ತಾನಾಗಿ ಸಾಯುವ ಮೊದಲು ಪಾತ್ರೆಗೆ ಹಾಕುವುದೇ ಪುಣ್ಯ ಎಂದಳು. ನಾನು ಅವಳ ಮೇಲೆ ರೇಗಿದೆ. ಅಮ್ಮ ಬಿಟ್ಟುಹೋದ ಕೊನೆಯ ಜೀವ ಅದು. ಅದೂ ನನ್ನ ಕೈಯಲ್ಲೇ, ನನ್ನ ಶಿಸ್ತಿನಿಂದಲೇ ಹೋದರೆ ಅಮ್ಮನಿಗೆ ಏನು ಹೇಳಲಿ?

ಹೊಟ್ಟೆಯ ಮೇಲೆ ಮಲಗಿ ಮಂಚದಡಿ ತಲೆ ತೂರಿಸಿದೆ. ಬಾಶಾನ ಪಕ್ಕದಲ್ಲಿ, ದೂಳಿನಲ್ಲಿ, ಒಣಗಿದ ಮುಲೂಖಿಯಾ ದಂಟು ಬಿದ್ದಿತ್ತು. ಆಗ ಎಲ್ಲ ನೆನಪಾಯಿತು.

ಮುಲೂಖಿಯಾ ಮಾಡುವ ಹೆಂಗಸು ಬೆಳ್ಳುಳ್ಳಿ ಒಗ್ಗರಣೆ ಸುರಿಯುವಾಗ ಬೆಚ್ಚಿಬಿದ್ದವಳಂತೆ ‘ಹಾ’ ಎಂದು ಉಸಿರೆಳೆಯಬೇಕು. ಎಳೆಯದಿದ್ದರೆ ಸೊಪ್ಪು ತಳಕ್ಕಿಳಿಯುತ್ತದೆ, ರುಚಿ ಕೆಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಅಮ್ಮನ ಉಸಿರು ಮೂರು ಮಹಡಿಗೆ ಕೇಳುತ್ತಿತ್ತು. ಅದು ಕೇಳಿದೊಡನೆ ಬಾಶಾ ತಾರಸಿಯಿಂದ ಮೆಟ್ಟಿಲಿಳಿದು ಓಡಿ ಬರುತ್ತಿದ್ದ. ಅಮ್ಮ ಕೊಟ್ಟ ದಂಟನ್ನು ಕಚ್ಚಿಕೊಂಡು ಇದೇ ಮಂಚದಡಿ ಕೂತು ತಿನ್ನುತ್ತಿದ್ದ. ತನ್ನ ಕುಲವನ್ನೇ ಬೇಯಿಸುವ ಸದ್ದಿಗೆ ಕುಣಿದುಬರುವ ಮೊಲ ಲೋಕದಲ್ಲಿ ಇದೊಂದೇ ಇರಬೇಕು. ಅಮ್ಮ ಹೋದ ಮೇಲೆ ಮನೆಯಲ್ಲಿ ಮುಲೂಖಿಯಾ ಮಾಡಿಯೇ ಇರಲಿಲ್ಲ.

ಸೊಪ್ಪು ತಂದು ಇನ್ಶಿರಾಳ ಮುಂದಿಟ್ಟೆ.

“ಮಾಡಿಕೊಡ್ತೀನಿ ರೀ. ಆ ಉಸಿರು ಮಾತ್ರ ನನ್ನ ಕೈಲಾಗಲ್ಲ. ಅದು ಅತ್ತೇದು.”

“ಹಾಗಾದರೆ ಯಾರು ಎಳೀಬೇಕು?”

ಅವಳು ಒಗ್ಗರಣೆ ಸೌಟನ್ನು ನನ್ನ ಕೈಗಿತ್ತಳು.

ಬಾಶಾನ ಮುಖ ನೋಡಿಕೊಂಡು ಅಂದು ಕೋಳಿ ಸಾರಿನಲ್ಲೇ ಸೊಪ್ಪು ಬೇಯಿಸಿದ್ದೆವು. ಮನ್ಸೂರಾದ ಡ್ರಿಲ್ ಮೇಷ್ಟ್ರಾದ ನಾನು ಒಲೆಯ ಮುಂದೆ, ಏಪ್ರನ್ ಕಟ್ಟಿಕೊಂಡು, ನೆಟ್ಟಗೆ ನಿಂತೆ. ಸ್ವಲ್ಪ ಸುರಿದು ಉಸಿರೆಳೆದೆ. ಬಿಕ್ಕಳಿಕೆ ಬಂತು. ಮತ್ತೆ ಸ್ವಲ್ಪ ಸುರಿದು ಎಳೆದೆ. ಒಗ್ಗರಣೆಯ ಘಾಟಿಗೆ ಕೆಮ್ಮು ಬಂತು. ಅಮ್ಮ ಇದೇ ಒಲೆಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಿದ್ದುದು ಕಣ್ಣಿಗೆ ಕಟ್ಟಿತು. ಉಳಿದಿದ್ದನ್ನೆಲ್ಲ ಸುರಿದೆ. ಆಗ ಬಂತು ಉಸಿರು, ಥೇಟ್ ಅಮ್ಮನದೇ. ಬಂದದ್ದು ನಿಲ್ಲಲಿಲ್ಲ. ಒಳಗೆ ಹೋದ ಉಸಿರು ಅಳುವಾಗಿ ಹೊರಗೆ ಬಂತು. ಸೌಟು ಹಿಡಿದುಕೊಂಡೇ, ಪಾತ್ರೆಯ ಮೇಲೆ ಬಗ್ಗಿ, ಸಣ್ಣ ಹುಡುಗನ ಹಾಗೆ ಅತ್ತೆ.

ಕಾಲಿಗೆ ಏನೋ ಮೆತ್ತಗೆ ತಗುಲಿತು. ಬಾಶಾ ನನ್ನ ಪಾದಗಳ ನಡುವೆ ಹಿಂಗಾಲ ಮೇಲೆ ನಿಂತಿದ್ದ. ದಂಟು ಕೊಟ್ಟೆ. ಕಚ್ಚಲಿಲ್ಲ, ಮೂಸಿದ, ತೆಗೆದುಕೊಂಡ. ಈ ಸಲ ಮಂಚದಡಿ ಹೋಗದೆ ಅಲ್ಲೇ ಕೂತು ಮೆಲ್ಲತೊಡಗಿದ.

ಮೂಗೊರೆಸಿಕೊಂಡು ಎದೆ ಸೆಟೆಸಿದೆ. “ನೋಡಿದ್ಯಾ? ಮೊಲಕ್ಕೆ ಶಿಸ್ತು ಕಲಿಸಿದೆ.”

ಇನ್ಶಿರಾ ನನ್ನ ಮುಂದೆ ತಟ್ಟೆ ಇಟ್ಟಳು. ನಾನು ರೊಟ್ಟಿ ಅದ್ದಿ ತಿಂದೆ, ಇನ್ನೊಂದು ರೊಟ್ಟಿ ಕೇಳಿದೆ. ಅವಳೂ ಒಂದು ತುತ್ತು ಬಾಯಿಗಿಟ್ಟುಕೊಂಡಳು.

“ಉಪ್ಪು ಸ್ವಲ್ಪ ಜಾಸ್ತಿ” ಅಂದಳು.

“ನಾನು ಉಪ್ಪು ಮುಟ್ಟಲೇ ಇಲ್ಲವಲ್ಲ.”

“ಚಳಿಗಾಲದಿಂದ ಕೂಡಿಟ್ಟಿದ್ದನ್ನೆಲ್ಲ ಒಂದೇ ಸಲ ಪಾತ್ರೆಗೆ ಸುರಿದ್ರೆ ಇನ್ನೇನಾಗುತ್ತೆ? ತಿನ್ನಿ. ನಿಮ್ಮಿಬ್ಬರಲ್ಲಿ ಮೊಲಾನೇ ವಾಸಿ, ಎರಡೇ ದಿನಕ್ಕೆ ಹಾದಿಗೆ ಬಂತು.”