ಲಿಫ್ಟಿನ ಪಾಲೆಷ್ಟು, ತವರಿನ ಪಾಲೆಷ್ಟು

ಮಾನ್ಯ ಲಿಫ್ಟ್ ಮಹಾಶಯರೇ,

ಊರಿನವರ ಭಾರವನ್ನೆಲ್ಲ ಹೊತ್ತು ಏರಿಳಿದರೂ ಒಮ್ಮೆಯೂ ಏದುಸಿರು ಬಿಡದ ತಮಗೆ, ಪಕ್ಕದ ಮೆಟ್ಟಿಲಿನ ಮೇಲೆ ಏದುಸಿರು ಬಿಡುತ್ತಿರುವ ಕನ್ನಡಕ ಮಾಡುವವಳ ನಮಸ್ಕಾರಗಳು. ತಾವು ಕ್ಷೇಮವೆಂದೂ ತಮ್ಮ ಹಗ್ಗಗಳು ಗಟ್ಟಿಯಾಗಿವೆಯೆಂದೂ ನಂಬಿದ್ದೇನೆ. ನಂಬಲು ಹೆಣಗುತ್ತಿದ್ದೇನೆ ಎಂದರೆ ಹೆಚ್ಚು ಸರಿ.

ಕಳೆದ ವರ್ಷ ಒಂದು ಮಧ್ಯಾಹ್ನ ತಾವು ಎರಡು ಮಹಡಿಗಳ ನಡುವೆ ವಿಶ್ರಾಂತಿ ಪಡೆಯಲು ನಿರ್ಧರಿಸಿದಿರಿ. ಪಡೆಯಿರಿ, ದುಡಿಯುವ ಜೀವಕ್ಕೆ ವಿಶ್ರಾಂತಿ ಬೇಕು. ಆದರೆ ನನ್ನ ಗಂಡ ಕೆಲಸ ಕಳೆದುಕೊಂಡಿದ್ದ, ಮಾಲೀಕರು ಮನೆ ಬಿಡಿ ಎಂದಿದ್ದ, ಮಗಳು ಜ್ವರದಲ್ಲಿ ಮಲಗಿದ್ದ ಆ ವಾರವನ್ನೇ ಹುಡುಕಿ ಆರಿಸಿಕೊಂಡ ತಮ್ಮ ಸಮಯಪ್ರಜ್ಞೆಯನ್ನು ಎಷ್ಟು ಹೊಗಳಿದರೂ ಸಾಲದು. ಅಂದು ನನ್ನ ಜೊತೆ ಸಿಕ್ಕಿಬಿದ್ದವನು ಮೇಲಿನ ನಮ್ಮ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ, ಎಲ್ಲರೂ ಗೊರಕೆಯಣ್ಣ ಎಂದೇ ಕರೆಯುವ ಸಹೋದ್ಯೋಗಿ. ನಾನು ಬಾಗಿಲು ಬಡಿದು ಬಡಿದು ಕೈ ಊದಿಸಿಕೊಂಡೆ. ಅವನು "ಬಾಗ್ಲು ತೆಗ್ದಾಗ ಎಬ್ಬಿಸಿ ಅಕ್ಕಾ" ಎಂದು ಗೋಡೆಗೊರಗಿ ನಿದ್ದೆ ಹೋದ. ಇಂದಿಗೂ ಅವನು ತಮ್ಮಲ್ಲೇ ಹಾಯಾಗಿ ಓಡಾಡುತ್ತಾನೆ. ನನಗೋ ತಮ್ಮ ಬಾಗಿಲಿನ ಸದ್ದು ಕೇಳಿದರೆ ಸಾಕು, ಕಾಲು ತಾನೇ ಮೆಟ್ಟಿಲ ಕಡೆ ತಿರುಗುತ್ತದೆ.

ತಪ್ಪನ್ನೆಲ್ಲ ತಮ್ಮ ತಲೆಗೇ ಕಟ್ಟಲು ಹೊರಟಿದ್ದೆ, ಈ ಭಯಕ್ಕೆ ಮದ್ದು ಕೇಳಲು ಹೋದಲ್ಲಿ ವೈದ್ಯೆ ಬಿಡಲಿಲ್ಲ. ನನ್ನ ತವರಿನ ಕಥೆ ಕೇಳಿದರು. ಫೋನ್ ಎತ್ತಲು ತುಸು ತಡವಾದರೂ ನನ್ನನ್ನು ಮನಸ್ಸಿನಲ್ಲೇ ಆಸ್ಪತ್ರೆಗೆ ಸೇರಿಸಿಬಿಡುವ ಅಮ್ಮ, ಅರ್ಧ ದಾರಿಯಿಂದ ಹಿಂದಿರುಗಿ ಬೀಗ ಎಳೆದು ನೋಡುತ್ತಿದ್ದ ಅಜ್ಜಿ, ಎಲ್ಲರನ್ನೂ ಒಪ್ಪಿಸಿದೆ. "ಇದು ಒಂದೇ ಜೀನಿನ ಕೆಲ್ಸ ಅಲ್ಲಮ್ಮಾ, ಸಣ್ಣಪುಟ್ಟವು ಎಷ್ಟೋ ಸೇರಿರುತ್ವೆ. ಸೇರಿದ್ರೂ ಜೀವನಪೂರ್ತಿ ಸುಮ್ನೆ ಇರ್ಬಹುದು. ಕಟ್ಟಿಗೆ ಒಣಗಿತ್ತು, ಕಿಡಿ ಬಿತ್ತು ಅನ್ಕೊಳಿ" ಎಂದರು.

ಇದಕ್ಕೆ ಸಾಕ್ಷಿ ನನ್ನ ಅವಳಿ ತಂಗಿ. ಇಬ್ಬರದೂ ಒಂದೇ ಅಚ್ಚು, ಅವವೇ ವಂಶವಾಹಿಗಳು. ಆ ವಾರದ ತಾಪತ್ರಯವೂ ತಮ್ಮ ಆತಿಥ್ಯವೂ ಅವಳ ಪಾಲಿಗೆ ಬರಲಿಲ್ಲ, ಅಷ್ಟೇ. ನನ್ನನ್ನು ನೋಡಲು ಬಂದಾಗಲೆಲ್ಲ ಅವಳು ಹಾಡು ಗುನುಗುತ್ತ ತಮ್ಮನ್ನೇರುತ್ತಾಳೆ. ಗೊರಕೆಯಣ್ಣನಿಗೆ ತಾವು ಸಿಕ್ಕಿರಿ, ನನ್ನ ಅಮ್ಮ ಸಿಗಲಿಲ್ಲ. ತಂಗಿಗೆ ಅಮ್ಮ ಸಿಕ್ಕಳು, ತಾವು ಸಿಗಲಿಲ್ಲ. ಇಬ್ಬರೂ ಒಟ್ಟಿಗೇ ಗಂಟುಬಿದ್ದದ್ದು ನನಗೊಬ್ಬಳಿಗೆ. ಒಂದೇ ಕೈಯಲ್ಲಿ ಚಪ್ಪಾಳೆಯಾಗುವುದಿಲ್ಲವಲ್ಲ!

ಆದ್ದರಿಂದ ನನ್ನ ವಿನಂತಿ ಇಷ್ಟು: ಮುಂದೆ ತಾವು ನಡುವೆ ನಿಲ್ಲುವ ಮೊದಲು ಒಳಗಿರುವವರ ತಾಯಿ ಎಂಥವರು, ಅಜ್ಜಿ ಎಂಥವರು, ಈ ವಾರ ಮನೆಯಲ್ಲಿ ಎಲ್ಲ ಸೌಖ್ಯವೇ ಎಂದು ವಿಚಾರಿಸಿಕೊಂಡು ನಿಲ್ಲಬೇಕು. ಒಳಗಿರುವವರೆಲ್ಲ ಗೊರಕೆಯಣ್ಣಂದಿರೇ ಆದರೆ ಸಂಜೆಯವರೆಗೂ ನಿಲ್ಲಿ, ಯಾರು ಬೇಡವೆಂದರು?

ನಗುತ್ತ ಬರೆಯುತ್ತಿದ್ದೇನೆ, ಒಳಗಿನ ಸಂಕಟ ಬೇರೆಯೇ ಇದೆ. ನನ್ನ ಮಗಳ ಶಿಶುವಿಹಾರವೂ ನಮ್ಮ ಅಂಗಡಿಯ ಮಹಡಿಯಲ್ಲೇ ಇದೆ. ನನ್ನ ಜೊತೆ ದಿನವೂ ಮೆಟ್ಟಿಲು ಹತ್ತಿ, ತಮ್ಮನ್ನು ಕಂಡರೆ ನನ್ನ ಬೆನ್ನ ಹಿಂದೆ ಅಡಗುವುದನ್ನು ಅವಳೂ ಕಲಿತುಬಿಟ್ಟಳು. ಮೊನ್ನೆ ಕೆಳಗೆ ನಾನು ಕಾವಲುಗಾರನೊಡನೆ ಮಾತಿಗೆ ನಿಂತಿದ್ದಾಗ, ನನ್ನ ಕೆಂಪು ಕೋಟು ತೊಟ್ಟು ಬಂದ ತಂಗಿ ತಮ್ಮೊಳಗೆ ಹೋದಳು. ಹಿಂದಿನಿಂದ ಕಂಡ ಮಗಳು ಅಮ್ಮನೆಂದೇ ಭಾವಿಸಿ ಓಡಿಹೋಗಿ ಕೈ ಹಿಡಿಯುವಷ್ಟರಲ್ಲಿ ತಮ್ಮ ಬಾಗಿಲು ಮುಚ್ಚಿತಂತೆ. ಮಗು ಕಾಣದೆ ನಾನು ಜೀವ ಬಾಯಿಗೆ ಬಂದಂತಾಗಿ ಮೇಲಕ್ಕೆ ಓಡಿದರೆ, ಅವಳು ಇಡೀ ಮಹಡಿಗೆ "ಅಮ್ಮಂಗೆ ಭಯ ಹೋಯ್ತು!" ಎಂದು ಸಾರುತ್ತಿದ್ದಳು. ಮೆಟ್ಟಿಲಿನಿಂದ ತೇಕುತ್ತ ಬಂದ ಅಸಲಿ ಅಮ್ಮನನ್ನು ನೋಡಿದ್ದೇ ತಡ, ಮುಖ ಸಣ್ಣದಾಯಿತು. ನನಗೆ ಅಳು ಬಂತು, ಮಹಾಶಯರೇ.

ತವರಿನಿಂದ ಬಂದದ್ದನ್ನು ಅವಳಿಗೆ ಆಗಲೇ ದಾಟಿಸಿಯಾಗಿದೆ, ವಾಪಸ್ಸು ಪಡೆಯುವಂತಿಲ್ಲ; ಭಯವನ್ನೂ ಕೈಯಾರೆ ಕಲಿಸಲು ನನಗೆ ಮನಸ್ಸಿಲ್ಲ. ಸ್ವಲ್ಪ ಸ್ವಲ್ಪವಾಗಿ ಹತ್ತಿ ಇಳಿದು ರೂಢಿಸಿಕೊಳ್ಳಿ ಎಂದು ವೈದ್ಯೆಯೂ ಹೇಳಿದ್ದಾರೆ. ಸೋಮವಾರ ಮಗಳ ಕೈ ಹಿಡಿದು ಬರುತ್ತೇನೆ. ದಯವಿಟ್ಟು ಅಂದು ಮಾತ್ರ ದಣಿಯಬೇಡಿ.

ಸದ್ಯಕ್ಕೆ ಮೆಟ್ಟಿಲಿನವಳೇ ಆದ,
ತಮ್ಮ ವಿಶ್ವಾಸಿ

ವಿ.ಸೂ.: ಈ ಪತ್ರವನ್ನು ತಮ್ಮ ಗೋಡೆಗೆ ಅಂಟಿಸುವ ಮೊದಲೇ ಸೋಮವಾರ ಬಂತು, ನಾವೂ ಬಂದೆವು. ತಾವು ಎಲ್ಲೂ ನಿಲ್ಲಲಿಲ್ಲ; ಕಣ್ಣು ಮುಚ್ಚಿ ನಿಂತಿದ್ದ ನನ್ನ ಕೈಯನ್ನು ಮಗಳೂ ಬಿಡಲಿಲ್ಲ. ಮೇಲೆ ಬಾಗಿಲು ತೆರೆದಾಗ ಅಬ್ಬಾ, ಗೆದ್ದೆ ಎಂದು ಹೊರಗೆ ಕಾಲಿಟ್ಟರೆ, ಒಳಗೇ ನಿಂತಿದ್ದ ಅವಳು "ಅಮ್ಮಾ, ಇನ್ನೊಂದ್ಸಲ!" ಎಂದಳು. ಕೆಟ್ಟು ನಿಲ್ಲುವುದು ತಮಗೆ ಬರುವ ವಿದ್ಯೆಯೇ ತಾನೇ, ಆಗೊಂದಿಷ್ಟು ಕೆಡಬಾರದಿತ್ತೇ?